ಸಸಿ ಎಣಿಸಿದರೆ ಟೊಮೆಟೊ ರೇಟು ಗೊತ್ತಾಗುತ್ತಾ?

ಕೇಳಿದ್ದಕ್ಕೆ ಹೇಳಿದ್ದು: ಈ ತಿಂಗಳ ಪತ್ರಗಳು

ಕಳೆದ ತಿಂಗಳು ಈ ಪುಟದಲ್ಲಿ ಒಂದು ಮಾತು ಬರೆದಿದ್ದೆ. ನಮ್ಮ ಕೋಲಾರದ ಕಾಲೇಜು ಮಕ್ಕಳು ಊರಿನ ಅಂಕಿ ಅಂಶ ಕಲೆಹಾಕಿ, ಅದನ್ನು ಊರಿನವರಿಗೇ ವಾಪಸ್ ಕೊಟ್ಟರೆ ಬೇಸಾಯ, ವ್ಯಾಪಾರ, ಕೆಲಸ ಮೂರಕ್ಕೂ ಅನುಕೂಲ ಅಂತ. ಅಷ್ಟಕ್ಕೇ ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಗಳಿದವರಿಗೆ ನಮಸ್ಕಾರ. ಬೈದವರ ಪತ್ರಗಳನ್ನೇ ಮೊದಲು ತೆಗೆದುಕೊಂಡಿದ್ದೇನೆ, ಯಾಕೆಂದರೆ ಅವರ ಪ್ರಶ್ನೆಗಳೇ ಚೆನ್ನಾಗಿವೆ. ಹೊಸದಾಗಿ ಓದುತ್ತಿರುವವರಿಗೆ ನನ್ನ ಪರಿಚಯ: ಮೂವತ್ತೊಂದು ವರ್ಷ ಅರ್ಥಶಾಸ್ತ್ರ ಪಾಠ ಮಾಡಿ ರಿಟೈರ್ ಆದವಳು. ಮನೆಯಲ್ಲಿ ಟೊಮೆಟೊ ಕೊಳ್ಳುವವಳು, ತವರಿನಲ್ಲಿ ಟೊಮೆಟೊ ಬೆಳೆಯುವವರ ಮಗಳು.

ಮೇಡಂ, ನನ್ನ ಮಗ ಕೋಲಾರದಲ್ಲಿ ಬಿ.ಕಾಂ. ಓದುತ್ತಾನೆ. ಕಾಲೇಜಿನವರು ಮಾರ್ಕೆಟ್ಟಿಗೆ ಕಳಿಸಿ ರೇಟು ಬರೆಸುತ್ತಾರಂತೆ. ರೇಟು ಫೋನಿನಲ್ಲೇ ಬರುತ್ತೆ. ಫೀಸು ಕಟ್ಟಿ ಮಗನನ್ನು ಮಂಡಿಗೆ ಕಳಿಸೋಕೆ ನಾನೇ ಸಾಕಾಗಿದ್ದೆ ಅಲ್ವಾ?
— ಒಬ್ಬ ರೈತ, ಮುಳಬಾಗಿಲು ತಾಲ್ಲೂಕು

ನಿಮ್ಮ ಕೊನೆಯ ಸಾಲು ಓದಿ ತುಂಬಾ ನಕ್ಕೆ. ಆಮೇಲೆ ಯೋಚನೆ ಮಾಡಿದೆ, ನೀವು ಹೇಳಿದ್ದು ಸರಿ. ಬರೀ ರೇಟು ಬರೆದುಕೊಂಡು ಬರುವುದಾದರೆ ಆ ಕೆಲಸ ದಂಡ. ಕೃಷಿ ಮಾರಾಟ ವಾಹಿನಿ ವೆಬ್‌ಸೈಟಿನಲ್ಲಿ ದಿನಾ ರೇಟು ಬರುತ್ತದೆ: ಕನಿಷ್ಠ, ಗರಿಷ್ಠ, ಮತ್ತೆ ಆ ದಿನ ಜಾಸ್ತಿ ಮಾಲು ಯಾವ ರೇಟಿಗೆ ಹೋಯಿತೋ ಅದು. ಅಲ್ಲಿ ಲೆಕ್ಕ ಕ್ವಿಂಟಲ್‌ನಲ್ಲಿ ಇರುತ್ತದೆ, ನಿಮ್ಮದು 15 ಕೆ.ಜಿ. ಬಾಕ್ಸಿನಲ್ಲಿ. ಕ್ವಿಂಟಲ್‌ಗೆ 1,000 ರೂಪಾಯಿ ಅಂದರೆ ನಿಮ್ಮ ಬಾಕ್ಸಿಗೆ 150. ಇಷ್ಟು ಗೊತ್ತಿದ್ದರೆ ಫೋನ್ ಸಾಕು.

ಆದರೆ ಇವತ್ತಿನ ರೇಟು ನಿಮಗೆ ಏನು ಹೇಳುತ್ತದೆ? ಎರಡು ಎರಡೂವರೆ ತಿಂಗಳ ಹಿಂದೆ ಜನ ಎಷ್ಟು ನಾಟಿ ಮಾಡಿದ್ದರು ಅನ್ನುವುದನ್ನು ಹೇಳುತ್ತದೆ. ಸಸಿ ಟ್ರೇಯಲ್ಲಿ 25–30 ದಿನ ಇರುತ್ತದೆ. ನಾಟಿ ಆದ ಮೇಲೆ ಮೊದಲ ಕೊಯ್ಲಿಗೆ ಇನ್ನೂ 60–70 ದಿನ. ನೀವು ಮಾತ್ರ ಇವತ್ತಿನ ರೇಟು ನೋಡಿ ನಾಳೆ ಸಸಿ ತರುತ್ತೀರಿ. ನಿಮ್ಮ ಪಕ್ಕದವರೂ ಅದನ್ನೇ ಮಾಡುತ್ತಾರೆ. 2023ರ ಜುಲೈ ನೆನಪಿದೆಯಾ? ಕೋಲಾರ ಎಪಿಎಂಸಿಯಲ್ಲಿ ಬಾಕ್ಸು 2,000 ರೂಪಾಯಿ ದಾಟಿತ್ತು. ತೋಟಕ್ಕೆ ಕಾವಲು ಕೂತಿದ್ದರು ಜನ. ಆ ರೇಟು ನೋಡಿ ಆಮೇಲೆ ಹಾಕಿದವರ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಹಾಗಾದರೆ ಎಣಿಸಬೇಕಾದ್ದು ಏನು? ಸಸಿ. ಮಾರ್ಕೆಟ್ಟಿಗೆ ಹೋಗಬೇಡಿ, ನರ್ಸರಿಗೆ ಹೋಗಿ. ಈ ವಾರ ಎಷ್ಟು ಸಸಿ ಮಾರಾಟ ಆಯಿತು ಅಂತ ಕೇಳಿ. ನಮ್ಮ ಕಡೆ ಎಕರೆಗೆ ಹೆಚ್ಚು ಕಮ್ಮಿ ಆರೇಳು ಸಾವಿರ ಸಸಿ ಅಂತ ಇಟ್ಟುಕೊಂಡರೆ, ಎಷ್ಟು ಎಕರೆ ನಾಟಿ ಆಗುತ್ತಿದೆ, ಯಾವ ವಾರ ಮಾಲು ಮಂಡಿಗೆ ಬರುತ್ತದೆ ಅಂತ ಅಂದಾಜು ಸಿಗುತ್ತದೆ.

ಇದು ಕೂತಲ್ಲೇ ಹೊಳೆದದ್ದಲ್ಲ. ರಿಟೈರ್ ಆಗುವ ಎರಡು ವರ್ಷ ಮುಂಚೆ ಹದಿನಾಲ್ಕು ಹುಡುಗ ಹುಡುಗಿಯರನ್ನು ಕರೆದುಕೊಂಡು ಇದನ್ನೇ ಮಾಡಲು ಹೊರಟೆ. ಮೊದಲ ವಾರ ಒಂಬತ್ತು ನರ್ಸರಿ ಸುತ್ತಿದೆವು. ಏಳು ಜನ ಟೀ ಕೊಟ್ಟರು, ಲೆಕ್ಕ ಕೊಡಲಿಲ್ಲ. ಒಬ್ಬರು ನೇರವಾಗಿ ಕೇಳಿದರು, "ಟ್ಯಾಕ್ಸ್‌ನವರು ಕಳಿಸಿದರಾ?" ಇನ್ನೊಬ್ಬರಿಗೆ ಪಕ್ಕದ ನರ್ಸರಿಯವನಿಗೆ ಗೊತ್ತಾದರೆ ಅಂತ ಭಯ. ಆ ಭಯ ತಪ್ಪಲ್ಲ. ನಮ್ಮ ಕ್ಲಾಸಿನ ಒಬ್ಬ ಹುಡುಗಿ ಉಪಾಯ ಹೇಳಿದಳು: ಒಂದು ಡಬ್ಬ ತೆಗೆದುಕೊಂಡು ಹೋಗೋಣ, ಅವರು ಚೀಟಿಯಲ್ಲಿ ಬರೀ ಸಂಖ್ಯೆ ಬರೆದು ಹಾಕಲಿ, ಹೆಸರು ಬೇಡ. ಎಲ್ಲ ಕಡೆ ಸುತ್ತಿದ ಮೇಲೇ ಡಬ್ಬ ತೆಗೆದು ಕೂಡೋಣ. ಅಷ್ಟೇ ನೋಡಿ, ಮುಂದಿನ ವಾರ ಒಂಬತ್ತರಲ್ಲಿ ಎಂಟು ಚೀಟಿ ಬಿದ್ದವು.

ಎರಡು ಹಂಗಾಮು ಮಾಡಿದೆವು. ಮೊದಲನೇ ಸಲ ನಾವು ಹೇಳಿದ ವಾರದಲ್ಲೇ ಮಾಲು ಜಾಸ್ತಿ ಬಂತು, ರೇಟು ಬಿತ್ತು. ನಾನು ಸ್ಟಾಫ್ ರೂಮಿನಲ್ಲಿ ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದೆ. ಎರಡನೇ ಸಲ ಪೂರ್ತಿ ತಪ್ಪಾಯಿತು. ಎಲೆ ಮುರುಟು ರೋಗ ಬಂದು ಅರ್ಧ ತೋಟ ಹೋಯಿತು. ಸಾಲದ್ದಕ್ಕೆ ಗಡಿ ಆಚೆ ಮದನಪಲ್ಲಿ ಮಾರ್ಕೆಟ್ಟಿನ ಲೆಕ್ಕ ನಮ್ಮ ಹತ್ತಿರ ಇರಲೇ ಇಲ್ಲ. ಗಿಡಕ್ಕೇನು ಗೊತ್ತು ಯಾವ ರಾಜ್ಯದಲ್ಲಿ ಇದ್ದೀನಿ ಅಂತ? ಆದ್ದರಿಂದ ಇದನ್ನು ಒಂದು ಕಾಲೇಜು ಒಬ್ಬಂಟಿಯಾಗಿ ಮಾಡುವುದು ಕಷ್ಟ. ರೋಗದ ವಿಷಯ ಟಮಕದ ತೋಟಗಾರಿಕೆ ಕಾಲೇಜಿನವರಿಗೆ, ಕೃಷಿ ವಿಜ್ಞಾನ ಕೇಂದ್ರದವರಿಗೆ ಗೊತ್ತು. ಲೆಕ್ಕ ನಮ್ಮ ಬಿ.ಕಾಂ. ಮಕ್ಕಳಿಗೆ ಬರುತ್ತದೆ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಶುರುವಾಗಿದ್ದೂ 2017ರಲ್ಲಿ ಇದೇ ಟಮಕದಲ್ಲಿ. ಮೂವರೂ ಒಂದೇ ರಸ್ತೆಯವರು. ಒಂದು ಮೇಜಿನ ಸುತ್ತ ಕೂರುವುದಕ್ಕೆ ಆಟೋ ಚಾರ್ಜ್ ಕೂಡ ಜಾಸ್ತಿ ಆಗುವುದಿಲ್ಲ.

ಮಗನನ್ನು ಕಳಿಸಿ. ಆದರೆ ಅವರ ಮೇಷ್ಟ್ರಿಗೆ ಹೇಳಿ, ಮಂಡಿ ಬಿಟ್ಟು ನರ್ಸರಿಗೆ ಕಳಿಸಲಿ ಅಂತ.

ನಮ್ಮದು ಚಿಂತಾಮಣಿ ಕಡೆಯ ಪದವಿ ಕಾಲೇಜು. ಬೆಂಗಳೂರಿನ ಒಂದು ಸಂಸ್ಥೆ ಜೊತೆ ಎಂಒಯು (ಒಪ್ಪಂದ ಪತ್ರ) ಮಾಡಿಕೊಳ್ಳಿ, ಹಳ್ಳಿಗಳಲ್ಲಿ ಸರ್ವೇ ಮಾಡಿಸಿಕೊಡಿ ಅಂತ ಕೇಳುತ್ತಿದ್ದಾರೆ. ಪ್ರಿನ್ಸಿಪಾಲರು ಖುಷಿಯಲ್ಲಿದ್ದಾರೆ. ಸಹಿ ಹಾಕುವ ಮುಂಚೆ ಏನು ನೋಡಬೇಕು?
— ಉಪನ್ಯಾಸಕಿ, ಚಿಕ್ಕಬಳ್ಳಾಪುರ ಜಿಲ್ಲೆ

ಮೊದಲು ನನ್ನ ಸುಟ್ಟ ಕೈ ತೋರಿಸಿಬಿಡುತ್ತೇನೆ. ತುಂಬಾ ವರ್ಷದ ಹಿಂದಿನ ಮಾತು. ಒಂದು ದೊಡ್ಡ ಸಂಸ್ಥೆಯವರು ಬಂದರು, ಹೆಸರು ಬೇಡ. ನಾಲ್ಕು ಹಳ್ಳಿ, ಮನೆ ಮನೆಗೆ ಹೋಗಬೇಕು, ಹದಿನೆಂಟು ಪುಟದ ಫಾರಂ. ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಹನ್ನೆರಡು ದಿನ ಬಿಸಿಲಲ್ಲಿ ಸುತ್ತಿದರು. ಎಷ್ಟು ಸಾಲ, ಎಷ್ಟು ಒಡವೆ ಅಡ ಇಟ್ಟಿದ್ದೀರಿ, ಎಲ್ಲ ಕೇಳಿದರು. ಜನ ನಮ್ಮ ಮುಖ ನೋಡಿ ಹೇಳಿದರು. ಫಾರಂ ಕಟ್ಟು ಜೀಪಿನಲ್ಲಿ ಹೋಯಿತು. ಆಮೇಲೆ ಪತ್ತೆ ಇಲ್ಲ. ಎರಡು ವರ್ಷ ಆದ ಮೇಲೆ ಅದೇ ಹಳ್ಳಿಗೆ ಮದುವೆಗೆ ಹೋದಾಗ ಒಬ್ಬ ಅಜ್ಜಿ ಕೈ ಹಿಡಿದು ಕೇಳಿದರು, "ಏನವ್ವಾ, ಬರ್ಕೊಂಡು ಹೋದ್ರಲ್ಲ, ಏನ್ ಬಂತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಊಟ ಸೇರಲಿಲ್ಲ ಆವತ್ತು.

ಈಗ ಯಾವ ಸರ್ವೇ ಬಂದರೂ ನಾನು ಡೇರಿ ಚೀಟಿಯ ಅಳತೆ ಹಿಡಿದು ನೋಡುತ್ತೇನೆ. ನಮ್ಮ ಹಳ್ಳಿಯ ಹೆಂಗಸರು ದಿನಾ ಎರಡು ಹೊತ್ತು ಹಾಲು ಹಾಕುತ್ತಾರೆ. ಕ್ಯಾನಿಗೆ ಸುರಿದ ತಕ್ಷಣ ಎಷ್ಟು ಲೀಟರು, ಎಷ್ಟು ಫ್ಯಾಟ್, ಎಷ್ಟು ದುಡ್ಡು, ಎಲ್ಲ ಚೀಟಿಯಲ್ಲಿ ಬರುತ್ತದೆ. ಫ್ಯಾಟ್ ಕಮ್ಮಿ ಬಂದರೆ ಅವತ್ತೇ ಜಗಳ, ಮಾರನೇ ದಿನ ಮೇವು ಬದಲು. ಇದಕ್ಕಿಂತ ಚೆನ್ನಾಗಿ ಡೇಟಾ ಕೆಲಸ ಮಾಡುವುದನ್ನು ನಾನು ಯಾವ ಸೆಮಿನಾರ್‌ನಲ್ಲೂ ನೋಡಿಲ್ಲ. ನಿಮ್ಮ ಎಂಒಯು ಓದುವಾಗ ಇಷ್ಟೇ ಕೇಳಿಕೊಳ್ಳಿ: ಮಾಹಿತಿ ಹಾಕಿದವರಿಗೆ ಚೀಟಿ ಸಿಗುತ್ತಾ? ಯಾವಾಗ ಸಿಗುತ್ತೆ? ಕನ್ನಡದಲ್ಲಿ ಸಿಗುತ್ತಾ?

ತಾರೀಖು ಹಾಕಿಸಿ. "ಸೂಕ್ತ ಸಮಯದಲ್ಲಿ" ಅಂತ ಬರೆದಿದ್ದರೆ ಹೊಡೆದುಹಾಕಿ. ಮೂಲ ಫಾರಂಗಳ ಒಂದು ಪ್ರತಿ ನಿಮ್ಮ ಕಾಲೇಜಿನಲ್ಲೇ ಇರಬೇಕು, ಆದರೆ ಜನರ ಹೆಸರು, ಫೋನ್ ನಂಬರ್ ಬೇರೆ ಮಾಡಿ ಬೀಗ ಹಾಕಿದ ಕಪಾಟಿನಲ್ಲಿ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೇ ಅಂತ ಕೇಂದ್ರದ ಕಾಯ್ದೆ ಬಂದಿದೆ, ಅದರ ಹೆಸರು ಹೇಳಿದರೆ ದೊಡ್ಡವರೂ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಮಕ್ಕಳಿಗೆ ಬಸ್ ಚಾರ್ಜ್, ಊಟ, ದಿನಗೂಲಿ ಬರೆಸಿ. ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುತ್ತಾರೆ, ಸರ್ಟಿಫಿಕೇಟಿನಿಂದ ಚಿತ್ರಾನ್ನ ಬರಲ್ಲ.

ಚೆನ್ನಾಗಿ ಆದದ್ದೂ ಇದೆ, ಹೇಳದಿದ್ದರೆ ಅನ್ಯಾಯ. ತುಮಕೂರು ಜಿಲ್ಲೆ ಚೇಳೂರಿನ ರೈತರೊಬ್ಬರ ತೋಟದಲ್ಲಿ ಒಂದು ಹಲಸಿನ ಮರ ಇತ್ತು. ಹಣ್ಣು ಸಣ್ಣದು, ಎರಡೂವರೆ ಕೆ.ಜಿ. ಆಸುಪಾಸು. ತೊಳೆ ತಾಮ್ರದ ಹಾಗೆ ಕೆಂಪು, ರುಚಿ ಜೋರು. ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ಅಲ್ಲಿನ ವಿಜ್ಞಾನಿಗಳು ಹಣ್ಣು ತೂಗಿದರು, ಸಿಹಿ ಅಳೆದರು, ಕಸಿ ಗಿಡ ಮಾಡಿದರು. ತಳಿಗೆ ಆ ರೈತರ ತಂದೆಯ ನೆನಪಿಗೆ ಸಿದ್ದು ಅಂತ ಹೆಸರಿಟ್ಟರು. ಗಿಡ ಮಾರಾಟದ ಹಣದಲ್ಲಿ ದೊಡ್ಡ ಪಾಲು ಮರ ಉಳಿಸಿಕೊಂಡ ಕುಟುಂಬಕ್ಕೆ ಅಂತ ಕಾಗದದಲ್ಲೇ ಬರೆದರು. ಅಳೆದವರು ಅವರು, ಮರ ಇವರದು, ಹೆಸರೂ ಇವರದೇ. ನಿಮ್ಮ ಪ್ರಿನ್ಸಿಪಾಲರಿಗೆ ಇದನ್ನು ಓದಿ ಹೇಳಿ.

ಇನ್ನೊಂದು, ನೀವು ಕೇಳದೆ ಇದ್ದರೂ. ನಿಮ್ಮ ಪಕ್ಕದಲ್ಲೇ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್ಟಿದೆ. ಕುರುಬೂರಿನಲ್ಲಿ ಕೃಷಿ ಕಾಲೇಜಿದೆ, ರೇಷ್ಮೆ ಕೃಷಿ ಕಲಿಸಿದ ಜಾಗ ಅದು. ರೈತನಿಗೆ ಗೂಡಿನ ರೇಟು ಅವತ್ತೇ ಗೊತ್ತಾಗುತ್ತದೆ. ಆದರೆ ಅವನ ಗೂಡಿನಿಂದ ನೂಲು ಎಷ್ಟು ಬಂತು ಅನ್ನುವುದು ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗೆ ಮಾತ್ರ ಗೊತ್ತು. ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕಾಯಿತು, ಅದೇ ರೆಂಡಿಟ್ಟಾ. ಅದು ಏಳಾ, ಎಂಟಾ, ಆರೂವರೆನಾ ಅಂತ ಬೆಳೆದವನಿಗೆ ವಾಪಸ್ ಬರುವುದೇ ಇಲ್ಲ. ಗೂಡು ಕೊಟ್ಟವನು ಸೊಪ್ಪು ಬದಲಿಸಬೇಕೋ, ಚಾಕಿ (ಸಾಕಲು ತರುವ ಮರಿ ಹುಳು) ಬದಲಿಸಬೇಕೋ ಹೇಗೆ ತಿಳಿಯುತ್ತದೆ? ಹತ್ತು ರೀಲರ್‌ಗಳು ಒಪ್ಪಿದರೆ ನಿಮ್ಮ ಮಕ್ಕಳು ಒಂದು ವರ್ಷ ಈ ಲೆಕ್ಕ ಇಡಬಹುದು. ಇದಕ್ಕೆ ಬೆಂಗಳೂರಿನ ಎಂಒಯು ಬೇಡ. ಸೈಕಲ್ಲು, ನೋಟ್‌ಬುಕ್ಕು, ಸ್ವಲ್ಪ ವಿಶ್ವಾಸ ಸಾಕು.

ವಿಶ್ವೇಶ್ವರಯ್ಯನವರು ಕಂಪ್ಯೂಟರ್ ಇಟ್ಟುಕೊಂಡು ಕನ್ನಂಬಾಡಿ ಕಟ್ಟಿದರಾ? ಡೇಟಾ ಡೇಟಾ ಅಂತ ನೀವೂ ಫ್ಯಾಷನ್ ಮಾತು ಶುರು ಮಾಡಿದಿರಿ.
— ಹಿರಿಯ ಓದುಗರು, ಬಂಗಾರಪೇಟೆ

ಸಾರ್, ನೀವು ತಪ್ಪು ಮನುಷ್ಯನನ್ನು ಸಾಕ್ಷಿಗೆ ಕರೆದಿರಿ! ಮುದ್ದೇನಹಳ್ಳಿಯ ಆ ಮಹಾನುಭಾವರಿಗಿಂತ ದೊಡ್ಡ ಲೆಕ್ಕದ ಹುಚ್ಚರು ಇರಲಿಲ್ಲ. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಶುರುವಾದಾಗ ಅದರ ಹಿಂದೆ ಇದ್ದವರು ಅವರೇ, ಆಗಿನ್ನೂ ದಿವಾನರಾಗಿರಲಿಲ್ಲ. ಬೇಸಾಯ, ವಿದ್ಯಾಭ್ಯಾಸ, ಕೈಗಾರಿಕೆ–ವ್ಯಾಪಾರ ಅಂತ ಕಮಿಟಿಗಳು. ಸಂಸ್ಥಾನದಲ್ಲಿ ಏನಿದೆ, ಏನಿಲ್ಲ ಅಂತ ಎಣಿಸಿ ಆಮೇಲೆ ಕೆಲಸ. ದಿವಾನರಾದ ಮೇಲೆ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. ಎಣಿಕೆ, ದುಡ್ಡು, ಓದು ಮೂರನ್ನೂ ಐದಾರು ವರ್ಷದಲ್ಲಿ ಒಂದು ದಾರಕ್ಕೆ ಪೋಣಿಸಿದರು. ಕಂಪ್ಯೂಟರ್ ಇರಲಿಲ್ಲ, ನಿಜ. ಪೆನ್ಸಿಲ್ ಇತ್ತು.

ಫ್ಯಾಷನ್ ಮಾತು ಅಂದಿರಿ, ಒಪ್ಪಿಕೊಳ್ಳುತ್ತೇನೆ. ಇನ್ನು ಮುಂದೆ ಆದಷ್ಟು ಲೆಕ್ಕ ಅಂತಲೇ ಬರೆಯುತ್ತೇನೆ.

ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ನಮ್ಮೂರಿನ ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದೆ. ಆದರೆ ನೀರು ಹೇಗಿದೆ ಅಂತ ಯಾರನ್ನು ಕೇಳಬೇಕು? ಒಬ್ಬರು ಅಮೃತ ಅಂತಾರೆ, ಒಬ್ಬರು ವಿಷ ಅಂತಾರೆ.
— ಗ್ರಾಮ ಪಂಚಾಯಿತಿ ಸದಸ್ಯೆ, ಕೋಲಾರ ತಾಲ್ಲೂಕು

ಇಬ್ಬರ ಮಾತನ್ನೂ ಬಿಡಿ. ನೀವೇ ಅಳೆಯಿರಿ.

ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿತು, ವಿಷಯ ಕೋರ್ಟಿಗೆ ಹೋಯಿತು. ಆಮೇಲೆ ನೀರು ಮತ್ತೆ ಹರಿಯಿತು, ಕೆರೆಗಳು ತುಂಬಿದವು. ಭಾರತೀಯ ವಿಜ್ಞಾನ ಸಂಸ್ಥೆಯವರು ಅಂತರ್ಜಲದ ಅಧ್ಯಯನ ಮಾಡಿ ಮಟ್ಟ ಏರಿದೆ ಅಂದರು, ನಿಮ್ಮ ಬೋರ್‌ವೆಲ್ ಕೂಡ ಅದನ್ನೇ ಹೇಳುತ್ತಿದೆ. ಎರಡನೇ ಹಂತದವರೆಗೆ ಮಾತ್ರ ಸಂಸ್ಕರಣೆ ಸಾಕಾ, ಉಳಿದ ಕಲ್ಮಶ ತೆಗೆಯುವ ಮೂರನೇ ಹಂತವೂ ಬೇಕಾ ಅನ್ನುವುದು ಇಲ್ಲಿನ ಹೋರಾಟಗಾರರ ಹಳೆಯ ಜಗಳ. ನನ್ನ ಮನಸ್ಸು ಮೂರನೇ ಹಂತದ ಕಡೆ.

ಆದರೆ ದೊಡ್ಡ ವರದಿಯಲ್ಲಿ ನಿಮ್ಮೂರಿನ ಶಾಲೆ ಹಿಂದಿನ ಬೋರ್‌ವೆಲ್ ಹೇಗಿದೆ ಅಂತ ಇರುವುದಿಲ್ಲ. ಅದಕ್ಕೆ ಹತ್ತಿರದ ಪದವಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ಸಾಕು. ತಿಂಗಳಿಗೊಂದು ದಿನ, ಐದು ಬೋರ್‌ವೆಲ್, ತೊಳೆದ ಬಾಟಲಿ. ಪಿಎಚ್, ಗಡಸು, ನೈಟ್ರೇಟ್ ಇಷ್ಟು ಮಕ್ಕಳೇ ನೋಡಬಲ್ಲರು. ಭಾರಲೋಹ ಅವರ ಕೈಲಿ ಆಗಲ್ಲ, ವರ್ಷಕ್ಕೆ ಒಂದೆರಡು ಸಲ ವಿಶ್ವವಿದ್ಯಾಲಯದ ಲ್ಯಾಬಿಗೆ ಕಳಿಸಬೇಕು. ಬಂದ ಅಂಕಿಯನ್ನು ಪಂಚಾಯಿತಿ ಗೋಡೆ ಮೇಲೆ ಸುಣ್ಣದಲ್ಲಿ ಬರೆಸಿ. ಫೈಲಿನಲ್ಲಿ ಇಟ್ಟರೆ ಇಲಿ ಓದುತ್ತದೆ.

ಇದು ಕುಡಿಯುವ ನೀರಿನ ವಿಷಯ ಮಾತ್ರ ಅಲ್ಲ. ನಾಳೆ ಯಾರೋ "ಕೋಲಾರದ ತರಕಾರಿ ಬೇಡ" ಅಂತ ಸುಮ್ನೆ ಒಂದು ಮಾತು ಎತ್ತಿದರೆ, ನಿಮ್ಮ ಹತ್ತಿರ ಮೂರು ವರ್ಷದ ಗೋಡೆ ಲೆಕ್ಕ ಇದ್ದರೆ ಉತ್ತರ ಕೊಡಬಹುದು. ಲೆಕ್ಕ ಕೆಟ್ಟದಾಗಿ ಬಂದರೂ ಬರೆಸಬೇಕು. ಅದು ಕಷ್ಟ ಅಂತ ಗೊತ್ತು, ಚುನಾವಣೆ ಬೇರೆ ಬರುತ್ತೆ.

ಕೆಜಿಎಫ್ ಬಗ್ಗೆ ಒಂದು ಅಕ್ಷರ ಬರೆಯಲಿಲ್ಲ ನೀವು. ಗಣಿ ಮುಚ್ಚಿ ಇಷ್ಟು ವರ್ಷ ಆಯಿತು. ನಮ್ಮ ಊರಿಗೆ ಯಾವ ಯೂನಿವರ್ಸಿಟಿ ಬರುತ್ತೆ?
— ದಿನಾ ಬೆಂಗಳೂರಿಗೆ ಹೋಗಿ ಬರುವವರು, ರಾಬರ್ಟ್‌ಸನ್‌ಪೇಟೆ

ಬಂದಿದ್ದವು, ಗೊತ್ತಾ? 1965ರಲ್ಲಿ ನಿಮ್ಮ ಗಣಿಯ ಆಳದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಮೂರೂ ಸೇರಿ ನ್ಯೂಟ್ರಿನೋ ಅನ್ನುವ ಅತಿ ಸೂಕ್ಷ್ಮ ಕಣ ಹುಡುಕಿದವು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಗುರುತು ಪ್ರಪಂಚದಲ್ಲಿ ಮೊದಲು ಸಿಕ್ಕ ಜಾಗಗಳಲ್ಲಿ ಕೆಜಿಎಫ್ ಒಂದು. ವಿಜ್ಞಾನಕ್ಕೆ ದೊಡ್ಡ ಲಾಭ. ಊರಿಗೆ? 2001ರ ಫೆಬ್ರವರಿ 28ಕ್ಕೆ ಗಣಿ ನಿಂತಾಗ ಬೆಳಗಿನ ರೈಲು ಒಂದೇ ಉಳಿದದ್ದು.

ಆ ರೈಲಿನಲ್ಲಿ ದಿನಾ ಎಷ್ಟು ಜನ, ಯಾವ ಕೆಲಸಕ್ಕೆ, ಎಷ್ಟು ಸಂಬಳಕ್ಕೆ ಹೋಗುತ್ತೀರಿ? ಕೆಲಸಕ್ಕೆ ಎಷ್ಟು ದೂರ ಹೋಗುತ್ತೀರಿ ಅಂತ ಜನಗಣತಿಯವರು ಕೊನೆಗೆ ಕೇಳಿದ್ದು 2011ರಲ್ಲಿ. 2021ರದು ನಡೆಯಲೇ ಇಲ್ಲ, 2027ಕ್ಕೆ ಹೋಯಿತು. ಊರಿಗೆ ಒಂದು ಕಾರ್ಖಾನೆ ಬೇಕು ಅಂತ ಅರ್ಜಿ ಬರೆಯುವವರು "ಸಾವಿರಾರು ಯುವಕರು" ಅಂತ ಬರೆಯುತ್ತಾರೆ. ಸಾವಿರಾರು ಅಂದರೆ ಆಫೀಸಿನವರಿಗೆ ಏನೂ ಅಲ್ಲ. ಇಷ್ಟು ವೆಲ್ಡರು, ಇಷ್ಟು ಟರ್ನರು, ಇಷ್ಟು ಜನ ಆಸ್ಪತ್ರೆ ಕೆಲಸದ ಹೆಣ್ಣುಮಕ್ಕಳು, ದಿನಕ್ಕೆ ಇಷ್ಟು ಗಂಟೆ ರೈಲಿನಲ್ಲೇ ಕಳೆಯುತ್ತಾರೆ ಅಂತ ಬರೆದರೆ ಯಾರಾದರೂ ಒಮ್ಮೆ ತಿರುಗಿ ನೋಡುತ್ತಾರೆ. ಮಾರಿಕುಪ್ಪಂ, ಕೋರಮಂಡಲ್, ಚಾಂಪಿಯನ್ ಸ್ಟೇಷನ್‌ಗಳಲ್ಲಿ ಒಂದು ವಾರ ಕಾಲೇಜು ಮಕ್ಕಳು ನಿಂತರೆ ಆಗುವ ಕೆಲಸ. ತಮಿಳು ಬರುವ ಮಕ್ಕಳು ಇರಲಿ. ದಿನ ಗೊತ್ತು ಮಾಡಿ ತಿಳಿಸಿ, ನಾನೂ ಬರುತ್ತೇನೆ. ಬೆಳಗಿನ ಟೀ ಮಾತ್ರ ನಿಮ್ಮದು.

ನಾನು ಬಿಸಿಎ ಕೊನೆ ವರ್ಷ. ಪ್ರಾಜೆಕ್ಟಿಗೆ ಅಮೆರಿಕದ ಮನೆ ಬೆಲೆ ಡೇಟಾ ಕೊಟ್ಟಿದ್ದಾರೆ. ನಮ್ಮ ಜಿಲ್ಲೆಯ ಡೇಟಾ ಎಲ್ಲಿ ಸಿಗುತ್ತೆ ಮೇಡಂ?
— ವಿದ್ಯಾರ್ಥಿ, ಮಾಲೂರು

ನೀನು ಅಂತಲೇ ಕರೆಯುತ್ತೇನೆ, ಬೇಜಾರಿಲ್ಲ ಅಲ್ವಾ? ಜಿಲ್ಲಾ ಸಾಂಖ್ಯಿಕ ಕಚೇರಿಗೆ ಹೋಗಿ "ಜಿಲ್ಲೆಯ ಅಂಕಿ ಅಂಶಗಳ ನೋಟ" ಪುಸ್ತಕ ಕೇಳು. ಮಳೆ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿದೆ, ಪಂಚಾಯಿತಿ ಮಟ್ಟದ್ದೂ ಸಿಗುತ್ತದೆ. ಬೆಲೆ ಎಲ್ಲಿ ಅಂತ ಮೇಲೆ ಹೇಳಿದ್ದೇನೆ. ಶ್ರೀನಿವಾಸಪುರದ ಮಾವು, ಈ ಮಳೆ ಲೆಕ್ಕ, ಹೂ ಬಿಡುವ ಹೊತ್ತಿನ ಮೋಡ, ಈ ಮೂರನ್ನು ಜೋಡಿಸಿ ನೋಡು. ಅಮೆರಿಕದ ಮನೆ ಅಲ್ಲೇ ಇರುತ್ತೆ, ಎಲ್ಲೂ ಹೋಗಲ್ಲ.

ಮೇಡಂ, ಒಂದೇ ಮಾತಿನಲ್ಲಿ ಹೇಳಿ. ಈಗ ಟೊಮೆಟೊ ಹಾಕಬಹುದಾ?
— ಪೋಸ್ಟ್ ಕಾರ್ಡ್, ಹೆಸರಿಲ್ಲ

ನರ್ಸರಿ ಮುಂದೆ ಗಾಡಿ ಸಾಲು ನಿಂತಿದ್ದರೆ ಬೀನ್ಸ್ ಹಾಕಿ.